ಮೊಳಕೆ ಬಾರದ ಲೋಟವೊಂದರ ವಿಚಾರ

ಸಪ್ತಾಹದ ಎಲ್ಲ ಫೋಟೋಗಳಲ್ಲೂ ನಗುತ್ತಿರುವ ಶಾಲಾ ತಪಾಸಣಾಧಿಕಾರಿಗಳೇ,

ಎರಡನೇ ತರಗತಿಯ ಮಕ್ಕಳಿಗೆ ನಿಜವಾಗಿ ಪಾಠ ಮಾಡಲು ಹೊರಟ ಅಪರಾಧಕ್ಕಾಗಿ ತಾವು ಒಬ್ಬ ಶಿಕ್ಷಕಿಯನ್ನು ಎತ್ತಂಗಡಿ ಮಾಡಿದ್ದೀರಿ. ಈ ಬಗ್ಗೆ ಮರಾಠಿಯಲ್ಲಿ ಬರೆದುಕೊಟ್ಟ ನನ್ನ ಅರ್ಜಿಗೆ ತಮ್ಮ ಕಚೇರಿಯಿಂದ ಉತ್ತರ ಬಂದಿಲ್ಲ. ಕನ್ನಡದಲ್ಲಿ ಬರೆದರೂ ಬರುವುದಿಲ್ಲ. ಹೇಗೂ ಓದುವುದಿಲ್ಲ ಎಂದ ಮೇಲೆ ನನಗೆ ಸಲೀಸಾದ ಭಾಷೆಯಲ್ಲೇ ಬೈಯುವುದು ಒಳ್ಳೆಯದಲ್ಲವೇ?

ನಾನು ಉಡುಪಿ ಕಡೆಯವಳು. ಪುಣೆಯ ವಿಮಾನ ನಗರದಲ್ಲಿ ಗಂಡನ ಜೊತೆ ಸಣ್ಣದೊಂದು ಹೋಟೆಲು ನಡೆಸುತ್ತೇನೆ. ಮಗಳು ತೃಪ್ತಿ ಇಲ್ಲಿನ ಕನ್ನಡ ಶಾಲೆಯಲ್ಲಿ ಎರಡನೇ ತರಗತಿ. ತಮ್ಮ ಆದೇಶದಂತೆ ಅಲ್ಲಿ ‘ಕಲಿಕಾ ಚಟುವಟಿಕೆ ಸಪ್ತಾಹ’ ಶುರುವಾಯಿತು. ಸೋಮವಾರ ಮಕ್ಕಳು ಮನೆಯಿಂದ ತಂದ ಕಾಳನ್ನು ಕಾಗದದ ಲೋಟದಲ್ಲಿ ಬಿತ್ತಬೇಕು, ಶನಿವಾರ ತಾವು ಬಂದು ನೋಡಬೇಕು. ಮಗಳು ಕಾಳು ಕೇಳಿದಾಗ ನಾನು ದೋಸೆಗೆ ಅಳೆಯುತ್ತಿದ್ದೆ. ಅದೇ ಉದ್ದಿನ ಬೇಳೆಯನ್ನು ಒಂದು ಹಿಡಿ ಕೊಟ್ಟು ಕಳಿಸಿದೆ. ಸಿಪ್ಪೆ ತೆಗೆದು ಹೋಳು ಮಾಡಿದ ಬೇಳೆ ಮೊಳೆಯುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಹೋಟೆಲಿನವರಿಗೆ ಉದ್ದು ಹುಟ್ಟಿದ್ದೇ ಬೆಳ್ಳಗೆ.

ಬುಧವಾರದ ಹೊತ್ತಿಗೆ ಉಳಿದವರ ಹೆಸರುಕಾಳು, ಅಲಸಂದೆ ತಲೆಯೆತ್ತಿದ್ದವು. ಮಗಳು ಬಂದು ಗಂಭೀರವಾಗಿ ವರದಿ ಒಪ್ಪಿಸಿದಳು: “ಅಮ್ಮಾ, ಎಲ್ಲರದ್ದೂ ಗಿಡ ಬಂತು. ನನ್ನ ಲೋಟದಲ್ಲಿ ದೋಸೆ ಹಿಟ್ಟಿನ ಹುಳಿ ವಾಸನೆ ಬರ್ತಾ ಉಂಟು. ಯಾಕೆ?”

ನಾಚಿಕೆಯಿಂದ ಶಾಲೆಗೆ ಓಡಿದೆ. ಗದಗದ ಕಡೆಯ ಶೈಲಶ್ರೀ ಟೀಚರು ನಕ್ಕುಬಿಟ್ಟರು. “ಬಿಡ್ರಿ ಅಕ್ಕಾರ, ಭಾಳ ಛಲೋ ಆತು. ಯಾಕ ಬರಲಿಲ್ಲ ಅಂತ ಹುಡುಗ್ರು ತಾವ ಕೇಳಾಕತ್ತಾರ. ನಾಳೆ ಇಡೀ ಉದ್ದು, ಬ್ಯಾಳಿ ಎರಡೂ ನೆನಸಿ ಕಳಸ್ರಿ. ಬಿಡಿಸಿ ತೋರಸ್ತೀನಿ, ಒಳಗ ಮೊಳಕಿ ಎಲ್ಲಿ ಇರ್ತದಂತ ಅವರ ಹುಡಕಲಿ.”

ನೆನೆಸಿ ಕಳಿಸಿದೆ. ಡಬ್ಬಿ ಮುಚ್ಚಳ ತೆಗೆಯದೆ ವಾಪಸು ಬಂತು. ಗುರುವಾರ ಬೆಳಿಗ್ಗೆಯೇ ತಮ್ಮ ಕಚೇರಿಯ ಫೋನು ಬಂದಿತ್ತಂತೆ: ಶನಿವಾರದ ಫೋಟೋದಲ್ಲಿ ಪ್ರತಿ ಮಗುವಿನ ಕೈಯಲ್ಲೂ ಹಸಿರು ಸಸಿ ಕಾಣಬೇಕು, ಎಲ್ಲವೂ ಒಂದೇ ಎತ್ತರ ಇದ್ದರೆ ಚೆಂದ. ಮಕ್ಕಳ ಲೋಟಗಳೆಲ್ಲ ಕಸದ ಬುಟ್ಟಿ ಸೇರಿದವು, ಮೊಳೆತವೂ ಕೂಡ. ನರ್ಸರಿಯಿಂದ ಚೆಂಡುಹೂವಿನ ಸಸಿ ಬಂದವು. ಶುಕ್ರವಾರ ಇಡೀ ದಿನ ಮಕ್ಕಳಿಗೆ ಒಂದೇ ಪಾಠ: ‘ನಾನು ಬಿತ್ತಿದೆ, ನೀರು ಹಾಕಿದೆ, ಗಿಡ ಬಂತು.’ ಬಿತ್ತಿದ್ದು ಹೆಸರುಕಾಳು, ಬಂದದ್ದು ಚೆಂಡುಹೂವು. ಇಂಥ ಕೃಷಿ ಪವಾಡ ಬೇಸಾಯಕ್ಕೆ ಹೆಸರಾದ ಬಾರಾಮತಿಯ ರೈತರಿಗೂ ತಿಳಿದಿರಲಾರದು.

ಶನಿವಾರ ಪೋಷಕರು ಹಿಂದೆ ಸಾಲಾಗಿ ನಿಂತಿದ್ದೆವು. ತಾವು ತೃಪ್ತಿಯ ಮುಂದೆ ಬಗ್ಗಿ, ಏನು ಬಿತ್ತಿದೆ ಮಗು ಎಂದು ಮರಾಠಿಯಲ್ಲಿ ಕೇಳಿದಿರಿ. ಅವಳು ಕೈಯಲ್ಲಿದ್ದ ಸಸಿ ನೋಡಿದಳು, ತಮ್ಮನ್ನು ನೋಡಿದಳು. “ಉಡದಾಚೀ ಡಾಳ್,” ಎಂದಳು. ಉದ್ದಿನ ಬೇಳೆ. ಇದು ನನ್ನದಲ್ಲ, ನನ್ನದು ಬರಲೇ ಇಲ್ಲ ಎಂದೂ ಸೇರಿಸಿದಳು. ತಾವು ಟೀಚರ ಮುಖ ನೋಡಿದಿರಿ. ಮಗು ತಪ್ಪು ಹೇಳಿತು ಎಂದಿದ್ದರೆ ಅವರು ಬಚಾವಾಗುತ್ತಿದ್ದರು. ಅವರು, ಹೌದು ಸರ್, ಅವಳು ಹೇಳಿದ್ದು ಸರಿ ಎಂದರು. ಆಮೇಲೆ ಬಂದದ್ದು ‘ಸಪ್ತಾಹದ ಸಿದ್ಧತೆಯಲ್ಲಿ ನಿರ್ಲಕ್ಷ್ಯ’ ಎಂಬ ಕಾಗದ ಮತ್ತು ಊರಾಚೆಯ ಶಾಲೆಗೆ ವರ್ಗ.

ಮಾನ್ಯರೇ, ಆ ವಾರ ಇಡೀ ತರಗತಿಯಲ್ಲಿ ನಡೆದ ಒಂದೇ ಒಂದು ಕಲಿಕಾ ಚಟುವಟಿಕೆ ನನ್ನ ಮಗಳ ‘ಯಾಕೆ’ ಆಗಿತ್ತು. ಅದಕ್ಕೆ ಉತ್ತರ ಕೊಡಬೇಕಿದ್ದವರನ್ನೇ ತಾವು ಕಳಿಸಿಬಿಟ್ಟಿರಿ. ಈಗ ಎರಡನೇ ತರಗತಿಯನ್ನು ಮೂರನೆಯದರ ಜೊತೆ ಕೂಡಿಸಿದ್ದಾರೆ. ಮಕ್ಕಳು ಸದ್ದಿಲ್ಲದೆ ಬೋರ್ಡು ನೋಡಿ ಬರೆಯುತ್ತಾರೆ. ತಮ್ಮ ವರದಿಯಲ್ಲಿ ಇದಕ್ಕೆ ಶಿಸ್ತು ಎಂಬ ಹೆಸರಿರಬೇಕು.

ಕಳೆದ ವಾರ ತಡೆಯಲಾರದೆ ನಾನೇ ಕರಿ ಸಿಪ್ಪೆಯ ಇಡೀ ಉದ್ದು ತಂದು ಲೋಟದಲ್ಲಿ ಹಾಕಿ ಅಡುಗೆಮನೆ ಕಿಟಕಿಯಲ್ಲಿಟ್ಟೆ. ಮರುದಿನ, “ನೋಡು ಮಗಾ, ಏನಾಗಿದೆ?” ಎಂದು ಕೇಳಿದೆ. ತೃಪ್ತಿ ಲೋಟದ ಕಡೆ ತಿರುಗಲಿಲ್ಲ. ಕೈಕಟ್ಟಿ ನೆಟ್ಟಗೆ ನಿಂತು, “ನಾನು ಬಿತ್ತಿದೆ, ನೀರು ಹಾಕಿದೆ, ಗಿಡ ಬಂತು,” ಎಂದಳು.

ಲೋಟದಲ್ಲಿ ಆಗ ಬರೀ ಮಣ್ಣಿತ್ತು. ನನಗೆ ಅಳು ಬಂತು.

ನನ್ನ ಬೇಡಿಕೆ ದೊಡ್ಡದಲ್ಲ. ಶೈಲಶ್ರೀ ಟೀಚರನ್ನು ಒಂದು ದಿನದ ಮಟ್ಟಿಗಾದರೂ ಈ ಮಕ್ಕಳ ಬಳಿಗೆ ಕಳಿಸಿ, ಗುರುವಾರ ನಿಂತುಹೋದ ಪಾಠ ಮುಗಿಸಲು ಬಿಡಿ. ಕಾಳು, ಬೇಳೆ ಎರಡನ್ನೂ ನಾನೇ ನೆನೆಸಿ ತರುತ್ತೇನೆ. ಫೋಟೋ ತೆಗೆಯುವವರು ಮಾತ್ರ ಬರುವುದು ಬೇಡ. ತಾವು ಕಳಿಸುವುದಿಲ್ಲವೆಂದು ಗೊತ್ತು. ಕಳಿಸಿದರೂ ಮಗಳು ಮತ್ತೆ ‘ಯಾಕೆ’ ಎಂದು ಕೇಳುತ್ತಾಳೆಂಬ ನಂಬಿಕೆ ನನಗೇ ಉಳಿದಿಲ್ಲ.

ಇಂತಿ,
ಹಿಡಿ ಬೇಳೆ ಕೊಟ್ಟು ಒಳ್ಳೆಯ ಟೀಚರ ಕೆಲಸಕ್ಕೆ ಸಂಚಕಾರ ತಂದ
ಸ್ವರ್ಣಲತಾ, ಹೋಟೆಲಿನವಳು
ವಿಮಾನ ನಗರ, ಪುಣೆ