ಕಲ್ಲಮ್ಮತ್ತೆಯ ಕಾಲು, ನನ್ನ ಮುಲಾಮು

ತಿಪಟೂರು
ಭಾನುವಾರ

ಬಿಳಿಗೆರೆಯ ಸೋದರತ್ತೆ ಕಲ್ಲಮ್ಮನಿಗೆ, ಅಣ್ಣನ ಮಗ ಜ್ಞಾನೇಶನ ನಮಸ್ಕಾರಗಳು.

ಅತ್ತೆ, ಮೊದಲು ಅಪರಾಧ ಒಪ್ಪಿಕೊಂಡುಬಿಡುತ್ತೇನೆ. ನಿನ್ನ ಅಡುಗೆಮನೆಯ ಗೂಡಿನಿಂದ ಕರಟದೆಣ್ಣೆಯ ಸೀಸೆ ಮಾಯವಾಯಿತಲ್ಲ, ನೀನು ಬೆಕ್ಕಿಗೆ ಶಾಪ ಹಾಕಿ, ಪಾಪ, ಮಗುವಿಗೆ ನೀರು ಹಾಕಲು ಬರುತ್ತಿದ್ದ ಕೆಂಪಕ್ಕನ ಮೇಲೂ ಅನುಮಾನಪಟ್ಟೆಯಲ್ಲ, ಆ ಕಳ್ಳ ನಾನು. ಯಾರ ಬಲವಂತವೂ ಇಲ್ಲದೆ, ಹಾಡಹಗಲಲ್ಲಿ, ಹೊಟ್ಟೆ ತುಂಬ ನಿನ್ನ ಕೈಯ ಮುದ್ದೆ ಉಂಡು ಕದ್ದೆ. ಹಿತ್ತಿಲಾಚೆ ಗುಂಡಿ ತೋಡಿ ಸುರಿದು, ಮೇಲೆ ಒಂದು ಹಿಡಿ ಮಣ್ಣನ್ನೂ ಹಾಕಿ ಶಾಸ್ತ್ರ ಮುಗಿಸಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿಯೇ ಮಾತಾಡುವವಳು. ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರ ಕಳ್ಳತನ ಊರಿಗೆಲ್ಲ ಬಿತ್ತರವಾಗುತ್ತಿತ್ತು. ಅದಕ್ಕೇ ಈ ಕಾಗದ.

ಕರಟ ಸುಟ್ಟು ನೀನು ಇಳಿಸುವ ಆ ಕಪ್ಪೆಣ್ಣೆಗೆ ಚಿಕ್ಕನಾಯಕನಹಳ್ಳಿಯವರೆಗೂ ಹೆಸರಿತ್ತು, ಗೊತ್ತು. ಕುರಿಗೆ ಹುಣ್ಣಾದರೂ ಅದೇ, ಕುರಿಯವನಿಗೆ ಹುಣ್ಣಾದರೂ ಅದೇ. ನಮ್ಮ ಸೀಮೆಯಲ್ಲಿ ತುರಿ ಎಂದರೆ ಕಾಯಿತುರಿ, ಒಗ್ಗರಣೆ ಹಾಕಿದ ಯಾವುದರ ಮೇಲಾದರೂ ಉದುರಿಸಬಹುದು. ನಿನ್ನ ಕಣಕಾಲಿಗೆ ಬಂದದ್ದು ಇನ್ನೊಂದು ತುರಿ. ಅಟ್ಟದಿಂದ ಕೊಬ್ಬರಿ ಇಳಿಸಿ ಸುಲಿಸುವಾಗ ಸಿಪ್ಪೆಯ ಧೂಳಿನಲ್ಲಿ ಕೂತೆ, ಕೆರೆತ ಹತ್ತಿತು, ಕೆರೆದೆ, ಅದರ ಮೇಲೆ ಕರಟದೆಣ್ಣೆ ಸುರಿದೆ. ಕೆಂಪಾಯಿತು, ನೀರು ಜಿನುಗಿತು, ಕೀವೂ ಕಟ್ಟಿತು. ತುರುವೇಕೆರೆಗೆ ಆ ಹೆಸರಿಟ್ಟವರು ಯಾರೋ ನಿನ್ನ ಹಾಗೆಯೇ ಮೊದಲು ತುರಿಸಿ ಆಮೇಲೆ ಕೆರೆದವರಿರಬೇಕು ಎಂದು ನಾನು ನಗಾಡಿದ್ದೆ. ನೀನು ನಗಲಿಲ್ಲ. ಯಾಕೆಂದರೆ ಅದೇ ಹೊತ್ತಿಗೆ ನಿನ್ನ ಮೊಮ್ಮಗಳು ವರ್ಷಿಣಿ ಹೆತ್ತು, ಬಾಣಂತನಕ್ಕೆ ಮನೆಗೆ ಬಂದಿದ್ದಳು.

ಆ ಮನೆಯಲ್ಲಿ ಹುಟ್ಟಿದ ಯಾವ ಕೂಸಿಗೂ ನಿನ್ನನ್ನು ಬಿಟ್ಟು ಇನ್ನೊಬ್ಬರು ನೀರು ಹಾಕಿದ್ದಿಲ್ಲ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಣಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು, ಬೆನ್ನಿಗೆ ಎಣ್ಣೆ ತಿಕ್ಕಿ ಎರೆಯುತ್ತಿದ್ದೆ. ವರ್ಷಿಣಿ ಆ ಕಾಲಿನ ಮೇಲೆಯೇ ಮಿಂದವಳು. ನನ್ನ ತಾಯಿಗೆ ಕಾಯಿಲೆಯಾಗಿದ್ದಾಗ ನಾನೂ ಅಲ್ಲೇ ಮಿಂದೆನಂತೆ. ಈಗ ಮರಿಮೊಮ್ಮಗಳು ಬಂದರೆ ಆ ಕಾಲಿನಲ್ಲೇ ಕೀವು. ವರ್ಷಿಣಿ ಮೆಲ್ಲಗೆ, "ಬ್ಯಾಡ ಕಣಜ್ಜಿ, ಮಗೀಗೆ ಅಂಟ್ಕೊಂಡ್ರೆ" ಅಂದಳು. ಪಕ್ಕದ ಬೀದಿಯ ಕೆಂಪಕ್ಕನನ್ನು ಕರೆಸಿದರು. ಕೆಂಪಕ್ಕ ನೀರು ಹಾಕುವಾಗ ನೀನು ಬಚ್ಚಲ ಬಾಗಿಲಲ್ಲಿ ನಿಂತು, "ಕತ್ತು ಹಿಡಿಯೇ, ಕಿವಿಗೆ ನೀರು ಹೋಯ್ತದೆ" ಅನ್ನುತ್ತಿದ್ದೆ. ನಾನು ಅತ್ತ ನೋಡಲಿಲ್ಲ, ಅತ್ತೆ.

ಅವತ್ತಿನಿಂದ, ನಿನ್ನ ಕಾಲಿಗೆ ಬೀಳಬೇಕಾದ ನಾನು ನಿನ್ನ ಕಾಲಿನ ಹಿಂದೆ ಬಿದ್ದೆ. ಡಾಕ್ಟರ ಹತ್ತಿರ ಹೋಗೋಣ, ಮುಲಾಮು ಕೊಡುತ್ತಾರೆ ಅಂದರೆ, "ಹೋಗ್ಲಾ ಜ್ಞಾನಿ, ಊರಿಗೆಲ್ಲ ಔಸ್ತಿ ಕೊಟ್ಟೋಳು ನಾನು, ನಿನ್ನ ಪೇಸ್ಟು ನಿನ್ನ ಹಲ್ಲಿಗೇ ಹಚ್ಕೊ" ಅಂದೆ. ಕೊನೆಗೆ, ಚರ್ಮದ ಡಾಕ್ಟರಮ್ಮ ನಿನ್ನ ಎಣ್ಣೆಯನ್ನು ಕಣ್ಣಾರೆ ನೋಡಬೇಕಂತೆ ಎಂದು ಹೊಗಳಿ ತಿಪಟೂರಿನ ಬಸ್ಸು ಹತ್ತಿಸಿದೆ. ಆಕೆ ಸೀಸೆಯ ಬಿರಡೆ ತೆಗೆದು ಮೂಸಿ, ಪಕ್ಕಕ್ಕಿಟ್ಟು, ನಿನ್ನ ಕಾಲನ್ನು ನೋಡಿದರು. "ಇಸುಬು ಅಜ್ಜಿ, ಅದರ ಮೇಲೆ ಕ್ರಿಮಿ ಸೇರಿದೆ. ಈ ಎಣ್ಣೆ ಸುಟ್ಟ ಗಾಯಕ್ಕೆ ಕೆಂಡ ಇಟ್ಟ ಹಾಗೆ" ಅಂದರು. ಒಂದೇ ಟ್ಯೂಬಿನಲ್ಲಿ ಎರಡು ಔಷಧಿ: ಉರಿ, ಊತ ಇಳಿಸಲು ಸ್ಟೀರಾಯ್ಡು, ಕ್ರಿಮಿ ಕೊಲ್ಲಲು ಇನ್ನೊಂದು. ನೀನು ಎರಡನ್ನೂ ಕೇಳಿಸಿಕೊಳ್ಳಲಿಲ್ಲ. "ಮಗೀಗೆ ನೀರು ಹಾಕ್ಬೌದಾ?" ಅಂದೆ.

"ಪೂರ್ತಿ ವಾಸಿಯಾಗಲಿ. ನಾನು ನೋಡಿ ಹೇಳಿದ ಮೇಲೆ ಹಾಕಿ."

ಅಷ್ಟೇ ಸಾಕಾಯಿತು ನಿನಗೆ. ಆದರೆ ಮುಲಾಮಿಗೆ ಸಲಾಮು ಹೊಡೆದ ನೀನು ಮರುದಿನವೇ ಅದನ್ನು ರೊಟ್ಟಿಗೆ ಬೆಣ್ಣೆ ಬಳಿದ ಹಾಗೆ ಬಳಿದು, ಮೇಲೆ ಕರಟದೆಣ್ಣೆಯ ಒಗ್ಗರಣೆಯನ್ನೂ ಕೊಟ್ಟೆ! ಕಳ್ಳತನಕ್ಕೆ ಕಾರಣ ಇದು. ಆಮೇಲೆ ನಾನೇ ನಿನ್ನ ಮನೆಯಲ್ಲಿ ಉಳಿದು ಕಾವಲು ನಿಂತೆ. ಹಚ್ಚಬೇಕು, ಹೆಚ್ಚಬಾರದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ತೆಳ್ಳಗೆ. ಮೇಲೆ ಬಟ್ಟೆ ಬಿಗಿಯಬಾರದು, ಹಚ್ಚಿದ ಕೈ ತೊಳೆಯದೆ ಮಗುವಿನ ಹತ್ತಿರ ಸುಳಿಯಬಾರದು. ಸ್ವಲ್ಪ ಒಣಗಿದ್ದೇ ತಡ, "ಸಾಕು ಬುಡು" ಅಂದೆ ನೀನು. ಬಿಡಲಿಲ್ಲ. ವಾಸಿಯಾದ ಮೇಲೆ, "ಇನ್ನೊಂದ್ ನಾಲ್ಕ್ ದಿನ ಇರ್ಲಿ, ತಂಪಾಗೈತೆ" ಅಂದೆ. ಅದಕ್ಕೂ ಬಿಡಲಿಲ್ಲ. ಡಾಕ್ಟರಮ್ಮ ಕಾಲು ಸವರಿ ನೋಡಿ, ಮುಲಾಮು ನಿಲ್ಲಿಸಿ, ಚರ್ಮ ಒಣಗದ ಹಾಗೆ ಬರೀ ಕೊಬ್ಬರಿ ಎಣ್ಣೆ ಹಚ್ಚಿ ಅಂದಾಗ ನೀನು ಮೂಗೇರಿಸಿ ನನ್ನತ್ತ ನೋಡಿದ ನೋಟವಿದೆಯಲ್ಲ, ಇಡೀ ತೆಂಗಿನ ಸೀಮೆಯೇ ಗೆದ್ದ ಹಾಗಿತ್ತು. ಉಳಿದ ಟ್ಯೂಬನ್ನು ಎಸೆಯುತ್ತೇನೆಂದು ನಿನ್ನ ಕೈಯಿಂದ ಕಿತ್ತುಕೊಂಡೆ.

ಮಾರನೆಯ ಬೆಳಿಗ್ಗೆ ಹಂಡೆ ಕುದಿಯಿತು. ನೀನು ಸೀರೆ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು ಕಾಲು ನೀಡಿದೆ. ನುಣ್ಣನೆಯ ಕಾಲು. ವರ್ಷಿಣಿ ತಾನೇ ಮಗುವನ್ನು ತಂದು ಮಲಗಿಸಿದಳು. ಎರಡನೆಯ ತಂಬಿಗೆಗೆ ಅದು ಅಳು ನಿಲ್ಲಿಸಿತು. ಮೂರನೆಯದಕ್ಕೆ ಕಣ್ಣು ಮುಚ್ಚಿತು. ಕೆಂಪಕ್ಕ ಬಾಗಿಲಿಗೊರಗಿ, "ನನ್ ಕೈಲಿ ಊರು ಒಂದ್ಮಾಡ್ತಿತ್ತು, ನಿನ್ ಕಾಲ್ಮೇಲೆ ನಿದ್ದೆ ಹೊಡೀತದಲ್ಲಮ್ಮ" ಅಂದಳು. ನೀನು ಇನ್ನೊಂದು ತಂಬಿಗೆ ಎರೆದೆ. ನೀರೆಲ್ಲ ಹಂಡೆಯದೇ ಇರಲಿಕ್ಕಿಲ್ಲ, ನಿನ್ನ ಕೆನ್ನೆಯೂ ತೊಯ್ದಿತ್ತು.

ಅವತ್ತಿನಿಂದ ಸ್ಟಾಫ್ ರೂಮಿನಲ್ಲಿ ನಾನು ಅರ್ಧ ಡಾಕ್ಟರು. ಇಂಥ ಮುಲಾಮು ಡಾಕ್ಟರು ಹೇಳಿದವರಿಗೆ ಮಾತ್ರ, ಹೇಳಿದ ಜಾಗಕ್ಕೆ ಮಾತ್ರ, ಹೇಳಿದಷ್ಟು ದಿನ ಮಾತ್ರ ಎಂದು ಭಾಷಣ ಬಿಗಿದು, ಸಹೋದ್ಯೋಗಿ ಮಲ್ಲೇಶನ ಚೀಲದಲ್ಲಿದ್ದ ಟ್ಯೂಬನ್ನೂ ಕಸದ ಬುಟ್ಟಿಗೆ ಹಾಕಿಸಿದ್ದೇನೆ.

ನಾಮಕರಣದಲ್ಲಿ ಮಗುವನ್ನು ಜ್ಞಾನಿಯ ತೊಡೆಯ ಮೇಲೆ ಮಲಗಿಸಿಯೇ ಹೆಸರು ಕರೆಸುತ್ತೇನೆ ಅಂತ ನೀನು ಹೇಳಿಕಳಿಸಿದೆ. ಪರೀಕ್ಷೆ ಕೆಲಸ, ಬರಲಾಗದು ಅಂದೆ ನಾನು. ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ, ಅತ್ತೆ. ನಿನ್ನ ಆ ಟ್ಯೂಬನ್ನು ನಾನು ಎಸೆಯಲಿಲ್ಲ. ತೊಡೆಸಂದಿಯಲ್ಲಿ ಒಂದು ಸಣ್ಣ ಹುಳುಕಡ್ಡಿ ಆಗಿತ್ತು, ಹಚ್ಚಿಕೊಂಡೆ. ತಣ್ಣಗಾಯಿತು, ಇನ್ನಷ್ಟು ಹಚ್ಚಿದೆ. ಮುಗಿದಾಗ, ಯಾರನ್ನೂ ಕೇಳದೆ ಅಂಗಡಿಯಿಂದ ಇನ್ನೊಂದು ತಂದೆ. ಈಗ ಅದು ಸೊಂಟ ದಾಟಿದೆ. ಹುಳುಕಡ್ಡಿಗೆ ಈ ಮುಲಾಮು ಹಚ್ಚಿದರೆ ಅಡಗಿದ ಹಾಗೆ ಕಂಡು ಹರಡುತ್ತದಂತೆ. "ಸಾರ್, ಅಜ್ಜಿಗೆ ಬುದ್ಧಿ ಹೇಳ್ದಾಗ ನೀವೂ ಪಕ್ಕದಲ್ಲೇ ಕೂತಿದ್ರಲ್ವಾ?" ಎಂದು ಕೇಳಿದ ಡಾಕ್ಟರಮ್ಮ, ಪೂರ್ತಿ ವಾಸಿಯಾಗುವವರೆಗೆ ನಾನು ಮಗುವನ್ನು ಮುಟ್ಟಕೂಡದು ಅಂದಿದ್ದಾರೆ.

ನಿನ್ನ ಕಾಲು ಗಟ್ಟಿಯಾಗಿರಲಿ, ಆ ಕೂಸು ಅದರ ಮೇಲೆ ಕೈಕಾಲು ಬಡಿದು ಬೆಳೆಯಲಿ. ಹೆಸರು ಕರೆಯುವಾಗ ಮಾತ್ರ ಸ್ಪೀಕರ್ ಹಾಕು, ದೂರದಿಂದ ಕೇಳಿಸಿಕೊಳ್ಳುತ್ತೇನೆ.

ಇಂತಿ, ಕೂರಲಾರದೆ, ಇಡೀ ಕಾಗದವನ್ನು ನಿಂತೇ ಬರೆದ,
ನಿನ್ನ ಜ್ಞಾನಿ