ಬದನೆಕಾಯಿ ಶಾಯಿಯೂ ನನ್ನ ಎಡಗೆನ್ನೆಯೂ

ಹಿರಿಯೂರು, ೨೧೮೭ನೇ ಇಸವಿ, ಫೆಬ್ರವರಿ ಮೂವತ್ತು

ಮಾನ್ಯ ಪೂರ್ವಜರೇ,

ತಾರೀಕು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಬಹಳ ಕಾಲದಿಂದ ಅನ್ಯಾಯವಾಗಿತ್ತು, ನಾವು ಸರಿಪಡಿಸಿದ್ದೇವೆ. ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ನನಗೆ ಸಿಕ್ಕಿರುವುದು ಒಂದೇ ಹಾಳೆ. ಕೆಲವು ಪದಗಳು ವಿಚಿತ್ರವೆನಿಸಿದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿ. ನಿಮ್ಮ ಕೆಲವು ಪದಗಳನ್ನು ನಾವೂ ಕ್ಷಮಿಸಿದ್ದೇವೆ.

ನಾನು ಓಬಳೇಶ, ವಯಸ್ಸು ಇಪ್ಪತ್ತು, ಚುನಾವಣಾ ಕಚೇರಿಯಲ್ಲಿ ಅಧಿಕೃತ ಸುಳ್ಳುಗಾರ. ನಗಬೇಡಿ, ಇದಕ್ಕೆ ಪರೀಕ್ಷೆ ಇದೆ. ಚುನಾವಣೆ ಬಂದಾಗ ಹಬ್ಬುವ ಸುಳ್ಳುಗಳನ್ನು ತಡೆಯಲು ಹಿಂದಿನ ಸರ್ಕಾರಗಳು ಏನೇನೋ ಮಾಡಿದವಂತೆ. ಫೋನುಗಳ ಬಾಯಿ ಕಟ್ಟಿದವು, ಕೇಸು ಹಾಕಿದವು, ಕಡೆಗೆ ತಮಗೆ ಹಿಡಿಸದ ಸತ್ಯ ಹೇಳಿದವರನ್ನೂ ಸುಳ್ಳುಗಾರರೆಂದು ಒಳಗೆ ಹಾಕಿದವು. ಅದರಿಂದ ಬುದ್ಧಿ ಕಲಿತು ನಾವು ತಂದದ್ದು ಚುಚ್ಚುಸುಳ್ಳು. ಚುಚ್ಚುಮದ್ದಿನ ತಮ್ಮ ಎನ್ನಿ. ಮತದಾನಕ್ಕೆ ತಿಂಗಳಿರುವಾಗ ಸರ್ಕಾರವೇ ಗುಟ್ಟಾಗಿ ಒಂದು ನಿರುಪದ್ರವಿ ಸುಳ್ಳನ್ನು ಊರೊಳಗೆ ಬಿಡುತ್ತದೆ. ವಾರ ಕಳೆದ ಮೇಲೆ ಡಂಗುರ ಸಾರಿಸಿ, ಅದು ಸುಳ್ಳು, ನಮ್ಮದೇ ಎಂದು ಒಪ್ಪಿಕೊಳ್ಳುತ್ತದೆ. ನಂಬಿ ಹಂಚಿದವರು ಬೀದಿಗೆಲ್ಲ ಪಾನಕ ಕುಡಿಸಬೇಕು. ಒಮ್ಮೆ ಪಾನಕ ಕದಡಿದವರು ಮುಂದಿನ ಸುದ್ದಿಯನ್ನು ಮೂಸಿ ನೋಡಿಯೇ ದಾಟಿಸುತ್ತಾರೆ.

ಈ ಸಲದ ಸುಳ್ಳು ನನ್ನದು: ಬೆರಳಿಗೆ ಹಚ್ಚುವ ಶಾಯಿಯನ್ನು ಬದನೆಕಾಯಿ ಸಿಪ್ಪೆಯಿಂದ ಮಾಡಿದ್ದಾರೆ. ಊರು ನಂಬಿತು, ಡಂಗುರವಾಯಿತು, ಪಾನಕ ಹರಿಯಿತು. ನನ್ನ ಸೋದರತ್ತೆ ತಿಪ್ಪಕ್ಕ ಮಾತ್ರ ಓಟಿಗೆ ಬರುವುದಿಲ್ಲ ಎಂದು ಕೂತರು. ನಮ್ಮ ವಂಶಕ್ಕೇ ಬದನೆಕಾಯಿ ತಾಕಿದರೆ ಮೈಯೆಲ್ಲ ದದ್ದು. ಇದುವರೆಗೆ ಒಂದು ಓಟೂ ತಪ್ಪಿಸದ ಹೆಂಗಸು, ನನ್ನ ತಮಾಷೆಯಿಂದ ಮನೆಯಲ್ಲೇ ಉಳಿಯುವ ಹಾಗಾಯಿತು.

"ಅತ್ತೆ, ಆ ಸುಳ್ಳು ಹೆಣೆದವನೇ ನಾನು," ಎಂದೆ.

"ಮೊದಲು ಬದನೆಕಾಯಿ ಇದೆ ಅಂದ್ರಿ, ಈಗ ಇಲ್ಲ ಅಂತೀರಿ. ಎರಡೂ ಹೇಳಿದ್ದು ಒಂದೇ ಬಾಯಿ. ಯಾವುದನ್ನ ನಂಬಲೋ, ಕೋತಿ?"

ಪ್ರಯೋಗಾಲಯದ ಪ್ರಮಾಣಪತ್ರ ತೋರಿಸಿದೆ. "ಕಾಗದಕ್ಕೆ ತುರಿಕೆ ಆಗುತ್ತೇನೋ?" ಎಂದರು.

ಮತದಾನದ ಬೆಳಿಗ್ಗೆ ತರಬೇತಿಗೆ ತರಿಸಿದ್ದ ಶಾಯಿಯ ಬಾಟಲಿ ಹಿಡಿದು ಅವರ ಜಗಲಿಗೆ ಹೋದೆ. ಬೆರಳಿಗೆ ಹಚ್ಚಿಕೊಂಡರೆ ಓಟು ಹಾಕಿ ಆಯಿತೆಂದು ಮತಗಟ್ಟೆಯಿಂದ ನನ್ನನ್ನೇ ಹೊರಗಟ್ಟುತ್ತಾರೆ, ಆದ್ದರಿಂದ ಎಡಗೆನ್ನೆಗೆ ಬಳಿದುಕೊಂಡೆ. ಅತ್ತೆ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತ ಕೆನ್ನೆಯನ್ನೇ ನೋಡಿದರು. ಒಂದು ನೊಣ ಬಂದು ಕೂತಾಗಲೂ ನಾನು ಕೈ ಎತ್ತಲಿಲ್ಲ. ದೇಶದ ಮರ್ಯಾದೆ ಆಗ ಆ ನೊಣದ ಕಾಲ ಕೆಳಗಿತ್ತು.

ಮಧ್ಯಾಹ್ನ ಇಳಿದ ಮೇಲೆ ಅವರು ಎದ್ದು ಸೀರೆ ಬದಲಿಸಿದರು. ದಾರಿಯಲ್ಲಿ ಮನೆ ಮನೆಯ ಮುಂದೆಯೂ ನನ್ನ ಗಲ್ಲ ಹಿಡಿದು ತಿರುಗಿಸಿ ತೋರಿಸುತ್ತ ಹೋದರು. "ನೋಡ್ರೇ, ಒಂದು ದದ್ದೂ ಇಲ್ಲ." ಅತ್ತೆಯನ್ನು ನೋಡಿ ಮನೆಯಲ್ಲೇ ಉಳಿದಿದ್ದ ಇನ್ನಿಬ್ಬರು ಚಪ್ಪಲಿ ಮೆಟ್ಟಿ ಹಿಂದೆ ಬಂದರು. ಓಟು ಹಾಕಿ ಹೊರಬಂದ ಅತ್ತೆ ಬೆರಳು ನೋಡಿಕೊಂಡು, "ಸಂಜೆ ಪಾನಕ ನಿಂದು," ಎಂದರು. ಬೀದಿಗೆಲ್ಲ ಕುಡಿಸಿದೆ. ಏಲಕ್ಕಿ ಸಾಲದೆಂಬ ದೂರು ಬಂದಿದೆ.

ಕೆನ್ನೆ ಇನ್ನೂ ನೀಲಿಯಾಗಿದೆ, ಮೇಲಧಿಕಾರಿಗಳು ರಜೆ ಕೊಟ್ಟಿದ್ದಾರೆ. ಚುಚ್ಚುಸುಳ್ಳು ಒಳ್ಳೆಯ ಮದ್ದೇ ಎಂಬ ಪ್ರಶ್ನೆಗೆ ಈಗ ನನ್ನಲ್ಲಿ ಮೊದಲಿನಷ್ಟು ಚುರುಕಾದ ಉತ್ತರವಿಲ್ಲ. ಪೂರ್ವಜರೇ, ನಿಮ್ಮಲ್ಲಿ ಒಂದೇ ವಿನಂತಿ. ನಿಮ್ಮ ಸರ್ಕಾರ ಸತ್ಯವನ್ನು ಸಾರಲು ಹೊರಟಾಗ, ಅದು ಸುಳ್ಳಾದರೆ ತುರಿಸಿಕೊಳ್ಳಬೇಕಾದ ಒಂದು ಕೆನ್ನೆಯನ್ನೂ ಜೊತೆಗೆ ಕಳಿಸಲು ಹೇಳಿ.

ಇಂತಿ, ನಿಮ್ಮ ಮರಿಮೊಮ್ಮಗನ ಮೊಮ್ಮಗ,
ಓಬಳೇಶ