ವರ್ಗಾವಣೆ ಅರ್ಜಿಯ ಹಿಂಬದಿ

ಮಾರ್ಚ್ 11, ಮಂಗಳವಾರ

ತುರ್ತು ವಿಭಾಗ ಸಾಕಾಯಿತು, ಕಣ್ಣಿನ ವಾರ್ಡಿಗೆ ಹಾಕಿ ಎಂದು ಬರೆದ ಅರ್ಜಿ ವಾರದಿಂದ ಜೇಬಿನಲ್ಲೇ ಇತ್ತು. ಇವತ್ತು ಕೊಟ್ಟೇಬಿಡಬೇಕು ಎಂದು ಹೊರಟಿದ್ದೆ. ಅಷ್ಟರಲ್ಲಿ ಬಸ್ ಡ್ರೈವರೊಬ್ಬರನ್ನು ಹೊತ್ತು ತಂದರು, ನಾಡಿಯೇ ಇಲ್ಲ! ಸರದಿಯ ಮೇಲೆ ಎದೆ ಒತ್ತಿದೆವು. ಇಂಜೆಕ್ಷನ್ ಕೊಟ್ಟ ಸಮಯ ಬರೆದಿಡಲು ನನ್ನ ಕೈಗೆ ಸಿಕ್ಕಿದ್ದು ಆ ಅರ್ಜಿಯೇ. ಹದಿನೇಳನೇ ನಿಮಿಷಕ್ಕೆ ನನ್ನ ಬೆರಳ ಕೆಳಗೆ ನಾಡಿ ಮಿಡಿಯಿತು! ಅಲ್ಲೇ ಕುಣಿದುಬಿಡೋಣ ಅನ್ನಿಸಿತು.

ಹೆಡ್ ನರ್ಸ್ ಅಕ್ಕ ಅರ್ಜಿಯನ್ನು ಡ್ರೈವರ ಕೇಸ್ ಶೀಟಿಗೆ ಪಿನ್ ಮಾಡಿದರು. "ಇನ್ನು ಇದು ಅವ್ರ ದಾಖಲೆ ಕಣೇ. ಕಣ್ಣಿನ ವಾರ್ಡೇ ಬೇಕಂದ್ರೆ ಇನ್ನೊಂದು ಬರ್ಕೊಂಡು ಬಾ."

ಬರೆಯಲೆಂದೇ ಈ ಹಾಳೆ ತೆಗೆದೆ. ಬೆರಳಲ್ಲಿ ಇನ್ನೂ ಆ ಮಿಡಿತ. ಹಾಳೆ ತುಂಬಿತು, ಅರ್ಜಿಯ ಒಂದು ಸಾಲೂ ಇಲ್ಲ.